ಯಾವೂರಾತವ್ವಾ ನಿಂದು?

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವಕ್ಕೆ ದಾವಣಗೆರೆಯಿಂದ ಒಬ್ಬಳೇ ಹೋಗಿದ್ದೆ. ನವೆಂಬರ್‌ ಚಳಿ. ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ, ನನ್ನ ಪಕ್ಕದಲ್ಲಿ ಶಾಲು ಹೊದ್ದ ಅಜ್ಜ. ಅವರೂ ಒಬ್ಬರೇ. ನಾಟಕಕ್ಕೆ ಇನ್ನೂ ಹೊತ್ತಿತ್ತು. ಮಾತಾಡಿಸೋಣ ಅನ್ನಿಸಿತು. ಅವರಿಗೆ ಬೇಡವಾಗಿದ್ದರೆ? ಸುಮ್ಮನೆ ಮೊಬೈಲ್ ತೆಗೆದೆ.

ನಮ್ಮ ಬಾಯಿ ಕಟ್ಟುವುದು ಈ 'ಬೇಡವಾಗಿದ್ದರೆ'ಯೇ. ಮನಸ್ಸಿನ ನಡೆಯನ್ನು ಅಧ್ಯಯನ ಮಾಡುವ ಸಂಶೋಧಕರಾದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಷಿಕಾಗೊದ ರೈಲು, ಬಸ್ಸುಗಳಲ್ಲಿ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಕೆಲವರು ಅಪರಿಚಿತರನ್ನು ಮಾತಾಡಿಸಬೇಕು, ಕೆಲವರು ತಮ್ಮ ಪಾಡಿಗೆ ಕೂರಬೇಕು. ಕೂತವರ ಪಯಣವೇ ಹಿತವೆಂದು ಜನ ಊಹಿಸಿದ್ದರು, ಆದದ್ದು ತಿರುವುಮುರುವು. ಮಾತಿಗೆ ಒಪ್ಪುವವರು ಅರ್ಧಕ್ಕಿಂತ ಕಡಿಮೆ ಎಂದೂ ಲೆಕ್ಕ ಹಾಕಿದ್ದರು. ಮಾತಾಡಿಸಲು ಹೋದವರಲ್ಲಿ ಯಾರೂ ಮುಖ ಮುರಿಸಿಕೊಂಡು ಬರಲಿಲ್ಲ. ಇಬ್ಬರಿಗೂ ಮಾತು ಬೇಕು, ಇನ್ನೊಬ್ಬರಿಗೆ ಬೇಡವೆಂದು ಇಬ್ಬರೂ ಮೌನ. ನನಗೆ ಇದು ನಿಜಕ್ಕೂ ಸಂಕಟದ ಸಂಗತಿ.

ಮಾತು ಮುಗಿದ ಮೇಲೂ ಅಳುಕು ಬಿಡದು. ಎರಿಕಾ ಬೂತ್‌ಬಿ ಮತ್ತು ಸಂಗಡಿಗರ 2018ರ ಅಧ್ಯಯನದ ಪ್ರಕಾರ, ಎದುರಿನವರು ನಮ್ಮನ್ನು ಎಷ್ಟು ಮೆಚ್ಚಿಕೊಂಡರೋ ಅದಕ್ಕಿಂತ ಕಡಿಮೆಯೆಂದೇ ನಾವು ಎಣಿಸುತ್ತೇವೆ. ನಮ್ಮ ತಡವರಿಕೆ ನಮಗಷ್ಟೇ ದೊಡ್ಡದಾಗಿ ಕೇಳುತ್ತದೆ.

ನಾಟಕದ ಜಾಗಕ್ಕೆ ಬಸ್ಸಿಗಿಲ್ಲದ ಒಂದು ಅನುಕೂಲವಿದೆ: ಇಬ್ಬರೂ ನೋಡುತ್ತಿರುವುದು ಒಂದನ್ನೇ. ಬೂತ್‌ಬಿಯವರದೇ 2014ರ ಪ್ರಯೋಗದಲ್ಲಿ, ಪಕ್ಕದವರೂ ಅದೇ ಹೊತ್ತಿಗೆ ತಿನ್ನುತ್ತಿದ್ದಾಗ ಸಿಹಿ ಚಾಕಲೇಟು ಇನ್ನಷ್ಟು ರುಚಿಸಿತು, ಕಹಿಯಾದದ್ದು ಇನ್ನಷ್ಟು ಕಹಿಯಾಯಿತು. ಅವರ ನಡುವೆ ಮಾತೇ ಇರಲಿಲ್ಲ! ಜೊತೆಗೆ ಕೂತು ನೋಡುವುದೇ ಅನುಭವವನ್ನು ಗಾಢವಾಗಿಸುತ್ತದೆ. ಮಾತಿಗೆ ಬೇಕಾದ ವಿಷಯ ಕಣ್ಣೆದುರೇ ಇರುತ್ತದೆ, ಹುಡುಕಬೇಕಿಲ್ಲ. ಹಾಗೆಂದು ಕಣ್ಣು ಮುಚ್ಚಿ ರಂಗಗೀತೆಯಲ್ಲಿ ಮುಳುಗಿದವರನ್ನು ಎಬ್ಬಿಸಬಾರದು. ದೀಪ ಹತ್ತುವವರೆಗೆ ಕಾಯಬೇಕು.

ಅವತ್ತು ಕಾಯದವರು ಅಜ್ಜನೇ. "ಯಾವೂರಾತವ್ವಾ ನಿಂದು?"

"ದಾವಣಗೆರೆ, ಅಜ್ಜಾ."

ಮುಖ ಅರಳಿತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿ ನಾಟಕಗಳನ್ನು ರಾತ್ರಿಯಿಡೀ ಕೂತು ನೋಡಿದ್ದರಂತೆ. "ಆಮೇಲೆ ಊರಿಗೆ ಹೆಂಗೆ ಹೋಗ್ತಿದ್ರಿ?" ಎಂದೆ. "ನಡಕಂಡು! ದಾರಿಯುದ್ದ ಅದೇ ಡೈಲಾಗು" ಎಂದು ಒಂದು ಸಾಲು ಹೇಳಲು ಬಾಯಿ ತೆರೆದರು. ಮೂರನೇ ಗಂಟೆ ಹೊಡೆಯಿತು. ಶಾಲು ಸರಿಮಾಡಿಕೊಂಡು, "ಆಮ್ಯಾಲೆ ಹೇಳ್ತೀನಿ, ಇಲ್ಲೇ ಇರು" ಎಂದರು.