ತಂತಿ ನಿಂತರೂ ನಿಲ್ಲದ ಸದ್ದು

ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ, ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲನ್ನು ಒತ್ತಿ, ತಂತಿಗಳ ಮೇಲೆ ಅಂಗೈಯಿಟ್ಟು ಸುಮ್ಮನಾದರೂ ಸ್ಪೀಕರ್ ಸುಮ್ಮನಾಗುವುದಿಲ್ಲ. ಗುಂಯ್ ಎನ್ನುವ ಮೊರೆತ ಒಂದು, ಅದರ ಮೇಲೆ ಸುಯ್ ಎನ್ನುವ ಸದ್ದು ಇನ್ನೊಂದು ಎಡೆಬಿಡದೆ ಕೇಳುತ್ತಿರುತ್ತವೆ. ಇವನ್ನು ಅಡಗಿಸಲೆಂದು ಬಳಸುವ ನಾಯ್ಸ್ ಗೇಟ್ ಎಂಬ ಉಪಕರಣವು ಸಂಗೀತದೊಳಗಿಂದ ಗದ್ದಲವನ್ನು ಸೋಸಿ ತೆಗೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ನಿಜದಲ್ಲಿ ಅದಕ್ಕೆ ಸಂಗೀತ ಯಾವುದು, ಗದ್ದಲ ಯಾವುದು ಎಂಬ ವಿವೇಚನೆಯೇ ಇಲ್ಲ. ಒಳಬರುತ್ತಿರುವ ಸಿಗ್ನಲ್ ಎಷ್ಟು ಪ್ರಬಲವಾಗಿದೆ ಎಂಬುದನ್ನಷ್ಟೇ ಅದು ಬಲ್ಲದು.

ಮೊದಲು ಗದ್ದಲದ ಮೂಲವನ್ನು ನೋಡೋಣ. ತಂತಿಗಳ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳುವಾದ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಅಲ್ಲಿನ ಕಾಂತಕ್ಷೇತ್ರ ಏರುಪೇರಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆದರೆ ಕಾಂತಕ್ಷೇತ್ರದ ಏರುಪೇರು ತಂತಿಯಿಂದ ಬಂದದ್ದೋ, ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ಬಂದದ್ದೋ ಎಂಬುದು ಸುರುಳಿಗೆ ತಿಳಿಯದು. ಹೀಗಾಗಿ ಕರೆಂಟಿನ 50 ಅಥವಾ 60 ಹರ್ಟ್ಸ್ ಆವರ್ತನವೂ ಅದರ ಗುಣಕಗಳೂ ಮೊರೆತವಾಗಿ ಒಳಸೇರುತ್ತವೆ. ಗಿಟಾರ್ ತಯಾರಿಸುವ ಗಿಬ್ಸನ್ ಸಂಸ್ಥೆಯ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಪಿಕಪ್ ಇದಕ್ಕೊಂದು ಜಾಣ ಪರಿಹಾರ: ಅಯಸ್ಕಾಂತದ ಧ್ರುವವನ್ನೂ ಸಂಪರ್ಕದ ದಿಕ್ಕನ್ನೂ ಪರಸ್ಪರ ವಿರುದ್ಧವಾಗಿಟ್ಟ ಎರಡು ಸುರುಳಿಗಳಲ್ಲಿ ತಂತಿಯ ಸಿಗ್ನಲ್ ಕೂಡಿಕೊಳ್ಳುತ್ತದೆ, ಹೊರಗಿನ ಮೊರೆತ ಬಹುಪಾಲು ಕಳೆದುಹೋಗುತ್ತದೆ. ಸುಯ್ ಎನ್ನುವ ಸದ್ದಿಗೆ ಮಾತ್ರ ಅಂಥ ಪರಿಹಾರವಿಲ್ಲ. ಅದರ ಒಂದು ದೊಡ್ಡ ಪಾಲು ವಾಹಕಗಳೊಳಗಿನ ಎಲೆಕ್ಟ್ರಾನುಗಳು ಶಾಖದಿಂದ ಅಡ್ಡಾದಿಡ್ಡಿ ಚಲಿಸುವುದರಿಂದಲೇ ಹುಟ್ಟುತ್ತದೆ ಎಂಬುದನ್ನು 1928ರಲ್ಲಿ ವಿಜ್ಞಾನಿಗಳಾದ ಜಾನ್ಸನ್ ಪ್ರಯೋಗದಿಂದ, ನೈಕ್ವಿಸ್ಟ್ ಗಣಿತದಿಂದ ತೋರಿಸಿದರು.

ಇಷ್ಟು ಸಣ್ಣ ಸದ್ದು ಡಿಸ್ಟಾರ್ಷನ್ ಬಂದಾಗ ಏಕೆ ಅಷ್ಟೊಂದು ದೊಡ್ಡದಾಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಗಿಟಾರಿನ ಸಿಗ್ನಲ್ 300 ಮಿಲಿವೋಲ್ಟ್, ಗದ್ದಲ 0.3 ಮಿಲಿವೋಲ್ಟ್ ಎಂದಿಟ್ಟುಕೊಳ್ಳಿ. ಇವೆರಡರ ಅನುಪಾತ 1000, ಅಂದರೆ 60 ಡೆಸಿಬೆಲ್. ಪೆಡಲ್ ಎಲ್ಲವನ್ನೂ ಸಾವಿರ ಪಟ್ಟು ಹಿಗ್ಗಿಸಿದರೆ ಗದ್ದಲ 0.3 ವೋಲ್ಟ್ ಆಗುತ್ತದೆ. ಸಿಗ್ನಲ್ 300 ವೋಲ್ಟ್ ಆಗಬೇಕಿತ್ತು, ಆದರೆ ಆ ಸರ್ಕ್ಯೂಟಿನ ಮಿತಿ 3 ವೋಲ್ಟ್ ಆಗಿದ್ದರೆ ಅಲೆಯ ನೆತ್ತಿ ಅಲ್ಲಿಗೇ ಕತ್ತರಿಸಿಹೋಗುತ್ತದೆ. ಈ ಕತ್ತರಿಕೆಯೇ ರಾಕ್ ಸಂಗೀತದ ಒರಟು ನಾದ; ಆದರೆ ಅದರ ಬೆಲೆಯಾಗಿ ಅನುಪಾತ 1000ದಿಂದ 10ಕ್ಕೆ, ಅಂದರೆ 20 ಡೆಸಿಬೆಲ್ಲಿಗೆ ಕುಸಿದಿರುತ್ತದೆ.

ನಾಯ್ಸ್ ಗೇಟ್ ಒಳಬರುವ ಸಿಗ್ನಲ್ಲಿನ ಬಲವನ್ನು ಸದಾ ಅಳೆಯುತ್ತಾ, ಅದು ಥ್ರೆಶೋಲ್ಡ್ ಎಂಬ ಗೊತ್ತಾದ ಮಟ್ಟಕ್ಕಿಂತ ಮೇಲಿದ್ದರೆ ದಾರಿ ಬಿಡುತ್ತದೆ, ಕೆಳಗಿಳಿದರೆ ಧ್ವನಿಯನ್ನು ತಗ್ಗಿಸುತ್ತದೆ. ಕೇಳಲು ಸರಳವಾದರೂ ಬಲವನ್ನು ಅಳೆಯುವುದೇ ಒಂದು ಸೂಕ್ಷ್ಮ ಕೆಲಸ. ಗಿಟಾರಿನ ಅತಿ ದಪ್ಪ ತಂತಿ ಸಾಮಾನ್ಯ ಶ್ರುತಿಯಲ್ಲಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಒಂದು ಕಂಪನಕ್ಕೆ ಸುಮಾರು 12 ಮಿಲಿಸೆಕೆಂಡ್ ಹಿಡಿಯುತ್ತದೆ, ಅಷ್ಟರೊಳಗೆ ಅಲೆ ಸೊನ್ನೆಯನ್ನು ಎರಡು ಬಾರಿ ಹಾದುಹೋಗುತ್ತದೆ. ಗೇಟ್ ಅತಿ ಚುರುಕಾಗಿದ್ದರೆ ಪ್ರತಿ ಸೊನ್ನೆಯನ್ನೂ ಮೌನವೆಂದೇ ತಿಳಿದು ಪಟಪಟನೆ ಮುಚ್ಚಿ ತೆರೆಯತೊಡಗುತ್ತದೆ, ಕ್ಷೀಣಿಸುತ್ತಿರುವ ಸ್ವರ ಚೂರುಚೂರಾಗಿ ಕೇಳುತ್ತದೆ. ಅದಕ್ಕಾಗಿಯೇ ಮುಚ್ಚುವ ಮುನ್ನ ತುಸು ಕಾಯಿಸುವ ಹೋಲ್ಡ್ ಮತ್ತು ಮೆಲ್ಲಗೆ ಮುಚ್ಚಿಸುವ ರಿಲೀಸ್ ಎಂಬ ನಿಯಂತ್ರಣಗಳಿವೆ. ಎಷ್ಟೋ ಗೇಟ್‌ಗಳಲ್ಲಿ ಮುಚ್ಚುವ ಮಟ್ಟವನ್ನು ತೆರೆಯುವ ಮಟ್ಟಕ್ಕಿಂತ ಕೆಲವು ಡೆಸಿಬೆಲ್ ಕೆಳಗಿಟ್ಟಿರುತ್ತಾರೆ. ಸಿಗ್ನಲ್ ಗಡಿಯ ಆಸುಪಾಸಿನಲ್ಲಿ ತೂಗಾಡಿದರೂ ಗೇಟ್ ತೂಗಾಡುವುದಿಲ್ಲ.

ನನ್ನ ಮಟ್ಟಿಗೆ ಈ ಗುಂಡಿಗಳಿಗಿಂತ ಮುಖ್ಯವಾದುದು ಗೇಟ್ ಎಲ್ಲಿ ಕೂತಿದೆ ಎಂಬುದು. ಡಿಸ್ಟಾರ್ಷನ್ನಿಗೆ ಮೊದಲು ಇಟ್ಟರೆ 60 ಡೆಸಿಬೆಲ್ ಅಂತರದಲ್ಲಿ ನುಡಿಸುವಿಕೆ ಮತ್ತು ಗದ್ದಲವನ್ನು ಬೇರ್ಪಡಿಸುವುದು ಸುಲಭ, ಆದರೆ ಮುಂದಿನ ಪೆಡಲ್ ತಾನೇ ಹುಟ್ಟಿಸುವ ಸುಯ್ಲು ಹಾಗೇ ಉಳಿಯುತ್ತದೆ. ಡಿಸ್ಟಾರ್ಷನ್ನಿನ ನಂತರ ಇಟ್ಟರೆ ಎಲ್ಲ ಗದ್ದಲವೂ ಕೈಗೆ ಸಿಗುತ್ತದೆ, ಆದರೆ ತೀರ್ಮಾನಕ್ಕೆ ಉಳಿದಿರುವ ಅಂತರ ಬರೀ 20 ಡೆಸಿಬೆಲ್. ಕೆಲವು ಉತ್ತಮ ಗೇಟ್ ಪೆಡಲುಗಳು ಎರಡೂ ಕೆಲಸವನ್ನು ಬೇರೆ ಬೇರೆ ಜಾಗದಲ್ಲಿ ಮಾಡುತ್ತವೆ: ಗಿಟಾರಿನಿಂದ ನೇರವಾಗಿ ಬಂದ ಶುದ್ಧ ಸಿಗ್ನಲ್ಲನ್ನು ಆಲಿಸಿ ತೀರ್ಮಾನಿಸುತ್ತವೆ, ಡಿಸ್ಟಾರ್ಷನ್ನಿನ ನಂತರದ ಸಿಗ್ನಲ್ಲನ್ನು ಮುಚ್ಚುತ್ತವೆ. ಅನುರಣನ ಸೇರಿಸುವ ರಿವರ್ಬ್ ಮತ್ತು ಪ್ರತಿಧ್ವನಿ ಸೇರಿಸುವ ಡಿಲೇ ಇದಾದ ಮೇಲೆಯೇ ಬರಬೇಕು, ಇಲ್ಲವಾದರೆ ಅವುಗಳ ಅನುರಣನವೂ ಅರ್ಧಕ್ಕೇ ತುಂಡಾಗುತ್ತದೆ.

ಗೇಟ್ ತೆರೆದಿರುವಾಗ ಗದ್ದಲವೂ ಸ್ವರದ ಜೊತೆಯಲ್ಲೇ ಹೊರಬರುತ್ತಿರುತ್ತದೆ. ಜೋರು ಮಳೆಯಲ್ಲಿ ಗಡಿಯಾರದ ಟಿಕ್‌ಟಿಕ್ ಕೇಳದಂತೆ, ಸ್ವರದ ಅಬ್ಬರದಲ್ಲಿ ಅದು ನಮ್ಮ ಕಿವಿಗೆ ಬೀಳುವುದಿಲ್ಲ ಅಷ್ಟೆ. ಗೇಟಿನ ಯಶಸ್ಸಿನಲ್ಲಿ ಅರ್ಧ ಪಾಲು ನಮ್ಮ ಶ್ರವಣದ ಈ ಗುಣದ್ದು ಎಂದರೆ ತಪ್ಪಾಗದು. ಉದ್ದಕ್ಕೆ ಎಳೆದ ಸ್ವರವೊಂದು ಗದ್ದಲದ ಮಟ್ಟಕ್ಕೇ ಇಳಿದಾಗ ಈ ಉಪಾಯ ಸೋಲುತ್ತದೆ. ಆಗ ಒಮ್ಮೆಲೇ ಮುಚ್ಚುವ ಗೇಟಿಗಿಂತ, ಇಳಿಯುವ ಸಿಗ್ನಲ್ಲನ್ನು ಹಂತಹಂತವಾಗಿ ಇನ್ನಷ್ಟು ತಗ್ಗಿಸುವ ಎಕ್ಸ್‌ಪಾಂಡರ್ ಮೇಲು. ಥ್ರೆಶೋಲ್ಡನ್ನಾದರೂ ತಳದಿಂದ ಏರಿಸುತ್ತಾ ಹೋಗಿ ಸದ್ದು ಅಡಗಿದ ಕೂಡಲೇ ನಿಲ್ಲಿಸಬೇಕು, ಅದೂ ವೇದಿಕೆಯ ದೀಪಗಳೆಲ್ಲ ಹೊತ್ತಿದ ಮೇಲೆ: ಬೆಳಕನ್ನು ಏರಿಳಿಸುವ ಡಿಮ್ಮರ್‌ಗಳು ಪಿಕಪ್ಪಿಗೆ ಸೇರಿಸುವ ಕರಕರ ಸದ್ದು, ದೀಪವಾರಿಸಿ ಹೊಂದಿಸಿದ ಮಟ್ಟವನ್ನು ಸಲೀಸಾಗಿ ದಾಟಿ ಗೇಟನ್ನು ತೆರೆದೇ ಇಡಬಲ್ಲದು.