ಲಾಗ್‌ನಲ್ಲಿ ಬರೋ ಆ ‘ಕಾಲ್’ ಯಾರದ್ದು?

ಮೊನ್ನೆ ರಾತ್ರಿ ಜಯನಗರದ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗನ ಫೋನ್ ಬಂತು. “ಮೇಡಂ, ವಿಪಿಎನ್ ಲಾಗ್‌ನಲ್ಲಿ ಇನ್‌ಕಮಿಂಗ್ ಕಾಲ್ ರಿಕ್ವೆಸ್ಟ್ ಅಂತಿದೆ. ಯಾರು ಕಾಲ್ ಮಾಡ್ತಿದಾರೆ?”

ನಗು ಬಂತು. ಆದ್ರೆ ಕೇಳಿದ್ದು ಸರಿಯಾಗೇ ಇತ್ತು, ಅಲ್ವಾ? ವಿಪಿಎನ್ ಅಂದ್ರೆ ಹೊರಗಿನಿಂದ ಇಂಟರ್‌ನೆಟ್ ಮೇಲೆ ಆಫೀಸ್ ನೆಟ್‌ವರ್ಕ್‌ಗೆ ಸೇರೋ ದಾರಿ, ಲಾಗ್ ಅಂದ್ರೆ ಅದು ಬರೆದಿಡೋ ದಾಖಲೆ. ಅವನ ವಿಪಿಎನ್ ಬಳಸೋ ಎಲ್‌ಟುಟಿಪಿ ಅನ್ನೋ ಈ ಟನೆಲ್ (ಸುರಂಗ) ಪ್ರೋಟೋಕಾಲ್‌ನ ಮಾತೆಲ್ಲ, ಫೋನ್ ನಂಬರ್‌ಗೆ ಕರೆ ಮಾಡಿ ನೆಟ್‌ಗೆ ಸೇರುತ್ತಿದ್ದ ಡಯಲ್‌ಅಪ್ ಕಾಲದ್ದು.

ನಮ್ಮಲ್ಲಿ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನಕ್ಕೆ ಇಂಟರ್‌ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ರಂದು. ಆಗ ಮೋಡೆಮ್ ಕಿರುಚಿ, ಫೋನ್ ಲೈನ್ ಸಿಕ್ಕಿದ ಮೇಲೆ ಅದರ ಮೇಲೆ ಪಿಪಿಪಿ, ಅಂದ್ರೆ ಎರಡು ತುದಿಗಳ ನಡುವೆ ಡೇಟಾ ಸಾಗಿಸೋ ಪ್ರೋಟೋಕಾಲ್, ಓಡುತ್ತಿತ್ತು. ತೊಂದರೆ ಏನಂದ್ರೆ, ಕರೆ ಎಲ್ಲಿ ಮುಗಿಯುತ್ತೋ ಪಿಪಿಪಿಯೂ ಅಲ್ಲೇ ಮುಗಿಯಬೇಕು. ಮೈಸೂರಲ್ಲಿ ಕೂತವರು ಬೆಂಗಳೂರಿನ ಆಫೀಸಿನ ನೆಟ್‌ವರ್ಕ್‌ಗೆ ಸೇರಬೇಕಾದರೆ ಬೆಂಗಳೂರಿಗೇ ಡಯಲ್ ಮಾಡಬೇಕು, ಅಂದರೆ ಗಂಟೆಗಟ್ಟಲೆ ಎಸ್‌ಟಿಡಿ ಬಿಲ್ಲು.

ಇದಕ್ಕೆ ಉಪಾಯ ಹೀಗೆ: ಲೋಕಲ್ ಕರೆಯನ್ನು ಊರಲ್ಲೇ ಒಂದು ಪೆಟ್ಟಿಗೆ ಎತ್ತಿಕೊಳ್ಳಲಿ, ಒಳಗಿನ ಪಿಪಿಪಿಯನ್ನು ಬಿಚ್ಚದೆ ಇನ್ನೊಂದು ಲಕೋಟೆಗೆ ಹಾಕಿ ಇಂಟರ್‌ನೆಟ್ ಮೇಲೆ ಆಫೀಸಿಗೆ ಕಳಿಸಲಿ. ಕರೆ ಎತ್ತುವ ಪೆಟ್ಟಿಗೆ ‘ಲ್ಯಾಕ್’. ಆಫೀಸ್ ಕಡೆ ಲಕೋಟೆ ಬಿಚ್ಚುವುದು ‘ಎಲ್‌ಎನ್‌ಎಸ್’. ಸುರಂಗ ಅಂತ ಹೆಸರೇನೋ ಇಟ್ಟರು, ಆದರೆ ಮೆಜೆಸ್ಟಿಕ್ ಕೆಳಗೆ ಮೆಟ್ರೊಗೆ ಕೊರೆದ ಹಾಗೆ ಇಲ್ಲಿ ಯಾರೂ ಏನೂ ಕೊರೆಯಲ್ಲ.

ಇಂಥ ಉಪಾಯಗಳು ಮೊದಲೇ ಎರಡಿದ್ದವು: ಸಿಸ್ಕೋದ ಎಲ್‌ಟುಎಫ್ ಒಂದು ಕಡೆ, ಮೈಕ್ರೋಸಾಫ್ಟ್ ಮತ್ತು ಜೊತೆಗಾರರ ಪಿಪಿಟಿಪಿ ಇನ್ನೊಂದು ಕಡೆ. ಎರಡನ್ನೂ ಸೇರಿಸಿ 1999ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ (ಇಂಟರ್‌ನೆಟ್ ನಿಯಮಗಳ ದಾಖಲೆ) 2661 ಆಗಿ ಎಲ್‌ಟುಟಿಪಿ ಬಂತು. ಅದರ ಲಕೋಟೆಗಳು ಯುಡಿಪಿ ಅನ್ನೋ ಸಾಗಣೆ ಪ್ರೋಟೋಕಾಲ್ ಮೇಲೆ ಹೋಗುವ ಪೋರ್ಟ್ (ಬಾಗಿಲ ನಂಬರ್) 1701, ಎಲ್‌ಟುಎಫ್‌ನಿಂದ ಬಂದ ಆಸ್ತಿ.

ಜನ ಜಾಸ್ತಿ ಎಡವೋದು ಟನೆಲ್, ಸೆಷನ್ ಎರಡರಲ್ಲಿ. ಲ್ಯಾಕ್‌ಗೂ ಎಲ್‌ಎನ್‌ಎಸ್‌ಗೂ ನಡುವೆ ಇರೋದು ಟನೆಲ್. ಅದರೊಳಗೆ ಒಬ್ಬೊಬ್ಬರ ಕರೆಗೂ ಒಂದೊಂದು ಸೆಷನ್. ಸೆಷನ್ ಬಿದ್ದರೆ ಒಬ್ಬರಿಗೆ ತೊಂದರೆ, ಟನೆಲ್ ಬಿದ್ದರೆ ಎಲ್ಲರಿಗೂ. ಇನ್ನೊಂದು ವಿಷಯ, ಟನೆಲ್ ಐಡಿಯನ್ನು ಎರಡೂ ತುದಿ ತಂತಮ್ಮ ಲೆಕ್ಕಕ್ಕೆ ಕೊಟ್ಟುಕೊಳ್ಳುತ್ತವೆ. ಹಾಗಾಗಿ ಎರಡೂ ಕಡೆ ಬೇರೆ ಬೇರೆ ನಂಬರ್ ಕಂಡರೆ ಗಾಬರಿ ಬೇಡ. ನಾನೇ ಒಮ್ಮೆ ಅದರ ಹಿಂದೆ ಅರ್ಧ ದಿನ ಹಾಳು ಮಾಡಿಕೊಂಡಿದ್ದೆ!

ಗುಟ್ಟು ಕಾಪಾಡೋ ಕೆಲಸ ಎಲ್‌ಟುಟಿಪಿಗೆ ಬರಲ್ಲ. ಅದಕ್ಕೇ ಡೇಟಾಗೆ ಬೀಗ ಹಾಕೋ ಐಪಿಸೆಕ್ ಜೊತೆ ಸೇರಿಸೋದು, 2001ರ ಆರ್‌ಎಫ್‌ಸಿ 3193 ಇದನ್ನೇ ಹೇಳುತ್ತೆ. 2005ರಲ್ಲಿ ಮೂರನೇ ಆವೃತ್ತಿ ಬಂದು, ಪಿಪಿಪಿ ಬಿಟ್ಟು ಈಥರ್‌ನೆಟ್ ಕೂಡ ಹೊರೋ ಹಾಗಾಯ್ತು, 16 ಬಿಟ್‌ನ ಐಡಿಗಳು 32 ಬಿಟ್ ಆದವು.

ಹುಡುಗನಿಗೆ ಹೇಳಿದೆ, “ಕಾಲ್ ಮಾಡ್ತಿರೋದು ನೀನೇ ಕಣಪ್ಪ. ಈಗ ನಿನ್ನ ಲ್ಯಾಪ್‌ಟಾಪೇ ಲ್ಯಾಕ್.”

ಅವನ ಅಸಲಿ ತೊಂದರೆ ಬೇರೆ: ಪಿಂಗ್ (ಆ ತುದಿ ಸಿಗುತ್ತಾ ಅಂತ ನೋಡೋ ಪುಟ್ಟ ಸಂದೇಶ) ಹೋಗುತ್ತೆ, ದೊಡ್ಡ ಪುಟ ತೆರೆಯಲ್ಲ. ಇದು ಲಕೋಟೆಯ ಭಾರ. ಈಥರ್‌ನೆಟ್‌ನ 1500 ಬೈಟ್‌ನಲ್ಲಿ ಹೊರಗಿನ ಐಪಿಗೆ 20, ಯುಡಿಪಿಗೆ 8, ಎಲ್‌ಟುಟಿಪಿ ಹೆಡರ್‌ಗೆ (ಲಕೋಟೆ ಮೇಲಿನ ಬರಹ) ಕನಿಷ್ಠ 6, ಮೇಲೆ ಪಿಪಿಪಿ, ಐಪಿಸೆಕ್. ಎಂಟಿಯು, ಅಂದ್ರೆ ಒಂದು ಸಲಕ್ಕೆ ಕಳಿಸೋ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1400ಕ್ಕೆ ಇಳಿಸಿದ, ಪುಟ ತೆರೀತು. “ಮೇಡಂ, ಈಗ ಹಲೋ ಅಂತ ಬಂತು” ಅಂದ. ಲೈನ್ ಜೀವಂತ ಇದೆಯಾ ಅಂತ ಕೇಳೋ ಮೆಸೇಜ್ ಅದು. ಹೆಸರೇ ಹಲೋ.