ಪ್ರಿಆಂಪ್ ಬದಲಿಸುವ ಮುನ್ನ ಪಾಟ್ ನೋಡಿ

ಬೇಸ್ ಗಿಟಾರಿಗೆ ಹೊಸ ಪ್ರಿಆಂಪ್ (ಸಿಗ್ನಲನ್ನು ಬ್ಯಾಟರಿಯಿಂದ ಬಲಪಡಿಸುವ ಪುಟ್ಟ ಬೋರ್ಡ್) ಕೂರಿಸಿದ ಮೇಲೆ ‘ಹಳೆಯದೇ ಚೆನ್ನಾಗಿತ್ತು’ ಅನ್ನಿಸಿದರೆ ಬೋರ್ಡನ್ನು ಬೈಯುವ ಮೊದಲು ಅದರ ಹಿಂದೆ ಮುಂದೆ ಇರುವ ಪಾಟ್‌ಗಳನ್ನು (ನಾಬ್‌ಗಳಡಿಯ ತಿರುಗುವ ಪ್ರತಿರೋಧಕಗಳನ್ನು) ನೋಡಿ. ಎಡವಟ್ಟು ಹೆಚ್ಚಾಗಿ ಅಲ್ಲೇ ಇರುತ್ತದೆ.

ಜಾಝ್ ಬೇಸ್ ಮಾದರಿಯ ವಾದ್ಯವನ್ನೇ ತೆಗೆದುಕೊಳ್ಳಿ. ತಟ್ಟೆಯಲ್ಲಿ ಮೂರು ನಾಬ್, ಒಂದು ಜಾಕ್. ಪ್ರಿಆಂಪ್ ಹಾಕುವಾಗ ಇವು ಸಾಮಾನ್ಯವಾಗಿ ವಾಲ್ಯೂಮ್, ಬ್ಲೆಂಡ್ (ಎರಡು ಪಿಕಪ್‌ಗಳ ಬೆರಕೆ), ಮತ್ತು ಒಂದರ ಮೇಲೊಂದು ಕೂತ ಬೇಸ್-ಟ್ರೆಬಲ್ ಜೋಡಿ ಪಾಟ್ ಆಗುತ್ತವೆ. ಬ್ಲೆಂಡ್‌ಗೆ ನೇರವಾಗಿ ಪ್ಯಾಸಿವ್ (ಬ್ಯಾಟರಿ ಬೇಡದ) ಪಿಕಪ್‌ಗಳ ಸಿಗ್ನಲ್ ಬರುವುದರಿಂದ ಅದು 250ಕೆ (ಕಿಲೋ ಓಮ್) ಅಥವಾ 500ಕೆ ಇರಬೇಕು. ಪಿಕಪ್ ಸುರುಳಿಯ ಇಂಡಕ್ಟೆನ್ಸ್ (ಹೆಚ್ಚಿನ ಆವರ್ತನಗಳನ್ನು ತಡೆಯುವ ಗುಣ) ದೊಡ್ಡದು. ಅದರ ಮೇಲೆ 25ಕೆ ಹೊರೆ ಹೇರಿದರೆ ಟ್ರೆಬಲ್ ಸತ್ತು ಸದ್ದು ಕಂಬಳಿ ಹೊದ್ದಂತಾಗುತ್ತದೆ. ಪ್ರಿಆಂಪ್ ದಾಟಿದ ಮೇಲೆ ಲೆಕ್ಕ ಉಲ್ಟಾ. ಅಲ್ಲಿನ ವಾಲ್ಯೂಮ್ 25ಕೆ ಇರಬೇಕು. ಹಳೆಯ 250ಕೆ ಪಾಟನ್ನೇ ಅಲ್ಲಿ ಉಳಿಸಿಕೊಂಡರೆ, ಸದ್ದು ತಗ್ಗಿಸುವಾಗ ಒಂದು ಹಂತದಲ್ಲಿ ಅದರ ಹೊರಪ್ರತಿರೋಧ 62.5 ಕಿಲೋ ಓಮ್ ಮುಟ್ಟುತ್ತದೆ. ಮೀಟರಿಗೆ 100 ಪಿಕೋಫ್ಯಾರಡ್‌ನ 6 ಮೀಟರ್ ಕೇಬಲ್ ಸೇರಿದರೆ ಸುಮಾರು 4,200 ಹರ್ಟ್ಸ್‌ನಿಂದಾಚೆ ಎಲ್ಲವೂ ಜಾರತೊಡಗುತ್ತದೆ. 25ಕೆ ಪಾಟಿನಲ್ಲಿ ಅದೇ ಅಂಚು 42,000 ಹರ್ಟ್ಸ್. ಕಿವಿಗೆ ಅದರ ಗೊಡವೆಯೇ ಇಲ್ಲ.

ಪಾಟಿನ ಕುತ್ತಿಗೆಯನ್ನೂ ಅಳೆದುಕೊಳ್ಳಿ. ಸಿಟಿಎಸ್ ಕಂಪನಿಯ ಪಾಟಿಗೆ 9.5 ಮಿ.ಮೀ. ರಂಧ್ರ ಬೇಕು, ಅಗ್ಗದ ವಾದ್ಯಗಳಲ್ಲಿ 7-8 ಮಿ.ಮೀ. ಇರುತ್ತದೆ. ತಟ್ಟೆಯನ್ನು ಬಿಚ್ಚಿ ರೀಮರ್‌ನಿಂದ ನಿಧಾನವಾಗಿ ಹಿಗ್ಗಿಸಿ. ಡ್ರಿಲ್ ಹಿಡಿದರೆ ತೆಳು ತಗಡು ಕಚ್ಚಿಕೊಂಡು ಗಿರ್ರನೆ ತಿರುಗುತ್ತದೆ.

ಇನ್ನು ಜಾಕ್. ಮೋನೋ ಜಾಕ್ ತೆಗೆದು ಸ್ಟೀರಿಯೋ ಹಾಕಲೇಬೇಕು: ತುದಿಗೆ ಪ್ರಿಆಂಪ್‌ನ ಔಟ್‌ಪುಟ್, ನಡುವಿನ ಉಂಗುರಕ್ಕೆ ಬ್ಯಾಟರಿಯ ಕಪ್ಪು ತಂತಿ, ತೋಳಿಗೆ (ಸ್ಲೀವ್) ಗ್ರೌಂಡ್. ಮೋನೋ ಪ್ಲಗ್ ಒಳಹೊಕ್ಕಾಗ ಉಂಗುರವೂ ತೋಳೂ ಕೂಡಿಕೊಂಡು ಸರ್ಕ್ಯೂಟ್ ಜೀವ ತಳೆಯುತ್ತದೆ. ಯಾವ ಕಾಲು ಯಾವುದು ಎಂದು ಕಣ್ಣಂದಾಜಿನಲ್ಲಿ ಹೇಳಬೇಡಿ. ಪ್ಲಗ್ ಚುಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ನೋಡಿ: ತುದಿಗೆ ಬೀಪ್ ಕೊಡುವ ಕಾಲು ಒಂದೇ, ತೋಳಿಗೆ ಕೊಡುವವು ಎರಡು. ಪ್ಲಗ್ ತೆಗೆದ ಮೇಲೆ ಆ ಎರಡರಲ್ಲಿ ಜಾಕ್‌ನ ಲೋಹದ ಮೈಗೆ ಬೀಪ್ ಕೊಡುವುದು ತೋಳು, ಉಳಿದದ್ದು ಉಂಗುರ. ಬೆಸುಗೆಯಾದ ಮೇಲೆ ಬ್ಯಾಟರಿಯ ಒಂದು ಧ್ರುವ ಬಿಚ್ಚಿ, ಮಧ್ಯೆ ಮೀಟರ್ ಇಟ್ಟು ಕರೆಂಟ್ ಅಳೆಯಿರಿ. ಪ್ಲಗ್ ಇಲ್ಲದಾಗ ಸೊನ್ನೆ ಬರಬೇಕು. ಇದ್ದಾಗ 1 ಮಿಲಿಆಂಪಿಯರ್ ಬಂದರೆ, 500 ಮಿಲಿಆಂಪಿಯರ್-ಗಂಟೆಯ ಆಲ್ಕಲೈನ್ ಬ್ಯಾಟರಿ 500 ಗಂಟೆ ಬಾಳುತ್ತದೆ. ಕೇಬಲ್ ಚುಚ್ಚಿಯೇ ಮೂಲೆಗಿಟ್ಟರೆ ಮೂರೇ ವಾರ.

ಬ್ಯಾಟರಿ ತಿರುಗುಮುರುಗಾದರೆ ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಒಂದೇ ಕ್ಷಣದಲ್ಲಿ ಸುಟ್ಟೀತು. ಕ್ಲಿಪ್ ಸುಮ್ಮನೆ ತಾಗಿಸಿ ನೋಡುವ ಅಭ್ಯಾಸವಿದ್ದರೆ ಕೆಂಪು ತಂತಿಯಲ್ಲಿ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿಕೊಳ್ಳಿ, ಕಳೆದುಕೊಳ್ಳುವುದು ಅರ್ಧ ವೋಲ್ಟ್‌ನ ಆಸುಪಾಸು.

12 ಡಿಬಿ ಬೇಸ್ ಏರಿಸಿದರೆ ಸಿಗ್ನಲ್ ನಾಲ್ಕು ಪಟ್ಟಾಗುತ್ತದೆ. ಇ ತಂತಿಯ ಮೂಲಸ್ವರವೇ 41 ಹರ್ಟ್ಸ್. ಜೋರಾಗಿ ಸ್ಲ್ಯಾಪ್ ಮಾಡಿದಾಗ (ತಂತಿಯನ್ನು ಹೆಬ್ಬೆರಳಿನಿಂದ ಬಡಿದಾಗ) ಪಿಕಪ್ 1 ವೋಲ್ಟ್ ದಾಟಬಹುದು. ಸಿಗ್ನಲ್ ಮೇಲಕ್ಕೂ ಕೆಳಕ್ಕೂ ಓಡುವುದರಿಂದ 9 ವೋಲ್ಟ್‌ನಲ್ಲಿ ಒಂದೊಂದು ಕಡೆಗೆ ಸಿಗುವುದು ಹೆಚ್ಚೆಂದರೆ ನಾಲ್ಕೂವರೆ; ಅದರ ನಾಲ್ಕು ಪಟ್ಟಿಗೆ ಜಾಗವೆಲ್ಲಿ? ಕರಕರ ಎನ್ನುತ್ತದೆ. 18 ವೋಲ್ಟ್‌ಗೆ ಹೋಗುವ ಆಸೆ ಇದ್ದರೆ ಬೋರ್ಡಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಓದಿ. ಸರಬರಾಜಿಗೆ ಅಡ್ಡಲಾಗಿ 16 ವೋಲ್ಟ್‌ನದು ಕೂತಿದ್ದರೆ ಆಸೆಯನ್ನು ಕೈಬಿಡಿ.

ಹಮ್ (ಗುಂಯ್ ಎನ್ನುವ ಸದ್ದು) ಬಂದರೆ ನುಡಿಸುವ ತಂತಿ ಮುಟ್ಟಿ ನೋಡಿ. ಮುಟ್ಟಿದಾಗ ತಗ್ಗಿದರೆ ಬ್ರಿಡ್ಜ್‌ನ ಗ್ರೌಂಡ್ ಸರಿಯಿದೆ, ಕುಳಿಗೆ ತಾಮ್ರದ ಟೇಪ್ ಸಾಲದು. ಮುಟ್ಟಿದಾಗ ಹೆಚ್ಚಿದರೆ ಬ್ರಿಡ್ಜ್‌ನ ಗ್ರೌಂಡ್ ತಂತಿ ಬಿಟ್ಟಿರಬೇಕು, ಇಲ್ಲವೇ ಎಲ್ಲೋ ಹಾಟ್ (ಸಿಗ್ನಲ್ ತಂತಿ) ಮತ್ತು ಗ್ರೌಂಡ್ ಅದಲುಬದಲಾಗಿರಬೇಕು. ಎರಡು ಪಿಕಪ್ ಕೂಡಿಸಿದಾಗ ಮಾತ್ರ ಸದ್ದು ಟೊಳ್ಳಾದರೆ ಒಂದರ ಎರಡು ತಂತಿ ತಿರುವಿ ಹಾಕಿ.

ಪುಶ್-ಪುಲ್ ಬೈಪಾಸ್ (ನಾಬ್ ಎಳೆದರೆ ಪ್ರಿಆಂಪ್ ಬಿಟ್ಟು ಸಿಗ್ನಲ್ ಸಾಗಿಸುವ ಸ್ವಿಚ್) ಹಾಕುವವರಿಗೆ ಒಂದು ಹಳ್ಳ ಕಾದಿರುತ್ತದೆ. ಹಾಡಿನ ನಡುವೆ ಬ್ಯಾಟರಿ ಸತ್ತಿತು, ನಾಬ್ ಎಳೆದಿರಿ, ಸದ್ದು ಬಂತು, ಆದರೆ ಮಸುಕು ಮಸುಕು. ಪ್ಯಾಸಿವ್ ಪಿಕಪ್ ಈಗ ಅದೇ 25ಕೆ ವಾಲ್ಯೂಮ್ ಹೊರುತ್ತಿದೆ. ಬೈಪಾಸ್ ತಂತಿಯನ್ನು ಆ ಪಾಟ್ ದಾಟಿಸಿ ನೇರ ಜಾಕ್‌ನ ತುದಿಗೆ ಒಯ್ಯಿರಿ. ಆಗ ವಾಲ್ಯೂಮ್ ಕೆಲಸ ಮಾಡುವುದಿಲ್ಲ, ಆಂಪ್‌ನಲ್ಲೇ ತಗ್ಗಿಸಿಕೊಳ್ಳಬೇಕು. ಅದು ಒಗ್ಗದವರು 250ಕೆ ವಾಲ್ಯೂಮನ್ನು ಪ್ರಿಆಂಪ್‌ಗಿಂತ ಮುಂಚೆಯೇ ಇಟ್ಟುಕೊಳ್ಳಲಿ.